ಅಮ್ಮನ ಲ್ಯಾಪ್‌ಟಾಪಿಗೆ ನಾನು ಹಾಕಿದ ಕನ್ನಡ

ಮೊದಲೇ ಹೇಳ್ಬಿಡ್ತೀನಿ, ನಾನು ಇಂಜಿನಿಯರ್ ಅಲ್ಲ. ಓದಿದ್ದು ಬಯಾಲಜಿ. ಕಂಪ್ಯೂಟರ್ ನಡೆಸೋ ಲಿನಕ್ಸ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಕಲಿತಿದ್ದು ಇಲ್ಲಿ ಜಪಾನಲ್ಲಿ, ಶಿನಾಗಾವಾ ಆಫೀಸಿಗೆ ಹೋಗ್ತಾ ಬರ್ತಾ, ಟ್ರೈನಲ್ಲಿ ವಿಡಿಯೋ ನೋಡ್ಕೊಂಡು. ಕಲಿತ ಮೇಲೆ ಸುಮ್ನೆ ಇರೋಕಾಗುತ್ತಾ? ಅದರ ಮೆನುಗಳನ್ನ ಕನ್ನಡಕ್ಕೆ ಅನುವಾದ ಮಾಡೋ ಗುಂಪಿಗೂ ಸೇರ್ಕೊಂಡೆ. ‘ಫೈಲ್’ ಅಂತ ಬರೆಯೋಕೆ ಮನಸ್ಸು ಬರ್ಲಿಲ್ಲ, ‘ಕಡತ’ ಅಂತ ಹಾಕ್ದೆ. ಏನ್ ಖುಷಿ ಆವಾಗ!

ಅಮ್ಮನ ಹತ್ರ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇತ್ತು, ಪೂರ್ತಿ ಜಪಾನೀಸಲ್ಲಿರೋದು. ಅಮ್ಮಂಗೆ ಜಪಾನೀಸ್ ಓದೋಕೆ ಬರಲ್ಲ. ಅಪ್ಪನ ಪೋಸ್ಟಿಂಗ್ ಜೊತೆ ಐವತ್ತೆರಡನೇ ವಯಸ್ಸಿಗೆ ಬಂದೋರು, ಕೊಂಬಿನಿ ಅನ್ನೋ ಮೂಲೆ ಅಂಗಡಿಯಲ್ಲಿ ಕ್ಷಮಿಸಿ ಅನ್ನೋಕೆ ಸುಮಿಮಾಸೆನ್, ಥ್ಯಾಂಕ್ಸ್ ಅನ್ನೋಕೆ ಅರಿಗಾತೋ ಅಂದ್ರೆ ಮುಗೀತು. ಆದ್ರೂ ಆ ಲ್ಯಾಪ್‌ಟಾಪನ್ನ ಕಲಿತುಬಿಟ್ಟಿದ್ರು. ಓದಿ ಅಲ್ಲ, ಜಾಗ ನೋಡಿ. ಎಡಗಡೆ ಮೊದಲನೇದು, ಅದ್ರೊಳಗೆ ಕೆಳಗಿಂದ ಮೂರನೇದು ಪ್ರಿಂಟ್. ಇಷ್ಟಕ್ಕೇ ಎರಡು ವರ್ಷ ಹಿಡಿದಿತ್ತು.

ಆ ಪ್ರಿಂಟೇ ಅವ್ರಿಗೆ ಎಲ್ಲಾ. ನಾವಿರೋ ಕೋಟೋ ಅನ್ನೋ ಏರಿಯಾದಲ್ಲಿ ನಮ್ಮ ಬಿಲ್ಡಿಂಗಿನ ಮೀಟಿಂಗ್ ರೂಮಲ್ಲಿ ಪ್ರತಿ ಭಾನುವಾರ ಆರು ಮಕ್ಕಳಿಗೆ ಕನ್ನಡ ಕಲಿಸ್ತಿದ್ರು. ಕನ್ನಡ ಕೇಳಿದ್ರೆ ಅರ್ಥ ಆಗುತ್ತೆ, ಬಾಯಿ ಬಿಟ್ರೆ ಜಪಾನೀಸೇ, ಅಂಥ ಮಕ್ಕಳು. ಪಾಠ ಅಮ್ಮನೇ ಟೈಪ್ ಮಾಡಿ ಶೀಟ್ ಹಂಚೋರು. ಈ ದೇಶದಲ್ಲಿ ಇವ್ರ ಹೆಂಡ್ತಿ, ಅವನ ತಾಯಿ ಅನ್ನೋದು ಬಿಟ್ಟು ಅವ್ರನ್ನ ‘ಟೀಚರ್’ ಅಂತ ಕರೀತಿದ್ದ ಜಾಗ ಅದೊಂದೇ.

ಲ್ಯಾಪ್‌ಟಾಪ್ ಸ್ಲೋ ಆಗಿತ್ತು. ಒಂದು ಶನಿವಾರ ಅಮ್ಮ ತರಕಾರಿಗೆ ಹೋದಾಗ ಕೂತೆ. ಹಳೇದನ್ನ ಪೂರ್ತಿ ಅಳಿಸಿ ಲಿನಕ್ಸ್ ಹಾಕ್ದೆ. ಪಾಠಗಳನ್ನೆಲ್ಲಾ ಜೋಪಾನ ಮಾಡಿದ್ದೆ, ಅದ್ರಲ್ಲಿ ತಪ್ಪು ಮಾಡ್ಲಿಲ್ಲ. ಕೇಳ್ಲಿಲ್ಲ ಅಷ್ಟೇ. ಸರ್ಪ್ರೈಸ್ ಅಂತೆ, ಸರ್ಪ್ರೈಸ್.

“ನೋಡಮ್ಮ, ಎಲ್ಲಾ ಕನ್ನಡ!”

ಅಮ್ಮ ಬಗ್ಗಿ ನೋಡಿದ್ರು. “ಕಡತ ಇರೋದು ತಾಲ್ಲೂಕಾಫೀಸಲ್ಲಿ ಅಲ್ವೇನೋ? ನಂಗ್ಯಾಕೆ?”

“ಅದು ಫೈಲ್ ಅಮ್ಮ.”

“ಮತ್ತೆ ಫೈಲ್ ಅಂತ ಬರೆಯೋಕೆ ಏನ್ ರೋಗ ಅವ್ರಿಗೆ?”

ಅವ್ರು ಅಂದ್ರೆ ನಾನು.

“ಪ್ರಿಂಟ್ ಎಲ್ಲಿ?”

“ಮುದ್ರಿಸು ಅಂತ ಇರುತ್ತೆ. ಬಲಗಡೆ ಮೂರು ಗೆರೆ ಇದ್ಯಲ್ಲ, ಅದ್ರೊಳಗೆ.”

ಅಮ್ಮನ ಕೈ ಎಡಗಡೆಗೇ ಹೋಯ್ತು. ಏನೋ ಮುಚ್ಕೊಳ್ತು. ಮತ್ತೆ ತೆಗೆದ್ರು. ಕನ್ನಡಕ್ಕೆ ಅಂತ ಯಾವಾಗ್ಲೂ ಒತ್ತೋ ಕೀ ಒತ್ತಿದ್ರು, ಜಪಾನೀಸ್ ಅಕ್ಷರ ಬಂತು. ನಂಗೆ ತಡ್ಕೊಳೋಕಾಗ್ಲಿಲ್ಲ. “ಅಯ್ಯೋ ಅಲ್ಲಮ್ಮ, ಬಿಡು, ನಾನೇ ಮಾಡ್ತೀನಿ” ಅಂತ ಮೌಸ್ ತಗೊಂಡೆ. ತಗೊಂಡೆ ಏನು, ಕಿತ್ಕೊಂಡೆ.

“ಹಳೇ ಜಪಾನೀಸೇ ವಾಪಸ್ ಹಾಕೋ. ಅದು ನಂಗೆ ಅರ್ಥ ಆಗ್ತಿತ್ತು.”

“ಆಗಲ್ಲಮ್ಮ. ಅಳಿಸ್ಬಿಟ್ಟಿದೀನಿ.”

ಆ ವಾರದ ಶೀಟ್ ನಾನೇ ಪ್ರಿಂಟ್ ಮಾಡ್ದೆ. ಮುಂದಿನ ವಾರವೂ. ಮಧ್ಯೆ ಅಮ್ಮ ಒಬ್ರೇ ಕೂತು ಕಲಿಯೋಕೆ ನೋಡ್ತಿದ್ರು, ಆಫೀಸಿಂದ ಬಂದವನೇ ನಾನು ಹಿಂದೆ ನಿಂತು “ಇಷ್ಟು ಸುಲಭ ಅಮ್ಮ ಇದು” ಅಂತಿದ್ದೆ. ಯಾರಿಗಾದ್ರೂ ಹಂಗಂದು ನೋಡಿ, ಬರೋದೂ ಮರೆತುಹೋಗುತ್ತೆ. ಮೂರನೇ ವಾರಕ್ಕೆ ಕೈಯಲ್ಲೇ ಬರೆದುಕೊಂಡು ಹೋದ್ರು. ಮಕ್ಕಳನ್ನ ಕರ್ಕೊಂಡು ಬಂದಿದ್ದ ಒಬ್ರು ಆಂಟಿ ಆ ಹಾಳೆ ತಿರುವಿ ನೋಡಿ, “ನಿಮಗ್ಯಾಕೆ ಕಷ್ಟ? ಮಗನಿಗೇ ಕೊಟ್ಬಿಡಿ ಕ್ಲಾಸು, ಕಂಪ್ಯೂಟರೂ ಗೊತ್ತು” ಅಂದ್ರು. ನಾನು ಅಲ್ಲೇ ಕುರ್ಚಿ ಜೋಡಿಸ್ತಿದ್ದೆ. ಬೇಡ, ಅಮ್ಮನೇ ಮಾಡ್ಲಿ ಅಂತ ಒಂದು ಮಾತು ಹೇಳಬಹುದಿತ್ತು. ಒಳಗೊಳಗೆ ಹಿಗ್ಗಿ ನಿಂತಿದ್ದೆ.

“ಹೌದು, ಅವನಿಗೆ ಎಲ್ಲಾ ಗೊತ್ತು” ಅಂದ್ರು ಅಮ್ಮ. ಚುಚ್ಚಿದ್ದಿದ್ರೆ ವಾಸಿ. ನಿಜವಾಗ್ಲೂ ನಂಬಿಯೇ ಹೇಳಿದ್ರು.

ಈಗ ಭಾನುವಾರ ಕ್ಲಾಸಿಗೆ ನಾನು ಕೆಳಗೆ ಹೋಗ್ತೀನಿ. ಅಮ್ಮ ಮಂಡಿ ನೋವು ಅಂತ ಮೇಲೇ ಇರ್ತಾರೆ. ನನ್ನ ಶೀಟ್ ಬಣ್ಣಬಣ್ಣ, ಮಕ್ಕಳು ಹತ್ತು ನಿಮಿಷಕ್ಕೆ ಮುಗಿಸಿ ಫೋನ್ ತೆಗೀತಾರೆ. ಒಂದು ಹುಡುಗಿ ಮಾತ್ರ ಟೀಚರ್ ಯಾವಾಗ ಬರ್ತಾರೆ ಅಂತ ಜಪಾನೀಸಲ್ಲಿ ಕೇಳ್ತಾಳೆ. ಮುಂದಿನ ವಾರ ಅಂತೀನಿ. ಮೂರು ತಿಂಗಳಿಂದ ಅದನ್ನೇ ಹೇಳ್ತಿದೀನಿ.