ಅಜ್ಜಿಯ ಕಂಬಿಯ ಮೇಲಿನ ಬಿಳಿ ಬಟ್ಟೆ

ದೀಪ ಹಚ್ಚುವ ಹೊತ್ತಿಗೆ ಬಟ್ಟೆ ಹೊರಗಿರಬಾರದು, ಅದರಲ್ಲೂ ಬಸುರಿಯರದ್ದು, ಮಕ್ಕಳದ್ದು ಇರಲೇಬಾರದು ಎಂದು ನಮ್ಮಜ್ಜಿ ನನ್ನ ತಲೆಗೆ ತುಂಬಿದ್ದರು. ಅಮೆರಿಕದ ಹೋಬೋಕನ್‌ಗೆ ಬಂದು ಇಷ್ಟು ವರ್ಷವಾದರೂ ಅದು ಇಳಿದಿಲ್ಲ. ಇಲ್ಲಿ ಯಾರೂ ಬಟ್ಟೆ ಹೊರಗೆ ಹಾಕುವುದೇ ಇಲ್ಲವಾದ್ದರಿಂದ ನನ್ನ ಜ್ಞಾನ ದಂಡವಾಗಿ ಬಿದ್ದಿತ್ತು.

ಜನವರಿಯ ಕೊನೆಯ ಸಂಜೆ ನೋಡುತ್ತೇನೆ, ಪಕ್ಕದ ಮನೆಯ ಐರಿಷ್ ಅಜ್ಜಿಯ ಮೆಟ್ಟಿಲ ಕಂಬಿಯ ಮೇಲೆ ಒಂದು ಬಿಳಿ ಬಟ್ಟೆ! ಅವರ ಒಬ್ಬಳೇ ಮಗಳು ಬಾಸ್ಟನ್‌ನಲ್ಲಿ ತುಂಬು ಗರ್ಭಿಣಿ, ಚೊಚ್ಚಲು. ಮರೆತಿದ್ದಾರೆಂದು ಬೆಲ್ ಒತ್ತಿದೆ. ಅಜ್ಜಿಗೆ ಕಿವಿ ಮಂದ, ಬಾಗಿಲು ತೆರೆಯಲಿಲ್ಲ.

"ಸುಮ್ನೆ ಬಿಟ್ಟು ಬಾರೇ, ಇಲ್ಲಿ ಪ್ರೈವೆಸಿ ಅಂತ ಒಂದಿದೆ," ಎಂದರು ನನ್ನವರು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ತಂದು, ಒಗೆದು, ಡ್ರೈಯರ್‌ಗೆ ಹಾಕಿ, ಇಸ್ತ್ರಿ ಮಾಡಿ ಮಡಿಸಿಟ್ಟೆ.

ಬೆಳಿಗ್ಗೆ ಹೆಮ್ಮೆಯಿಂದ ಕೊಟ್ಟರೆ ಅಜ್ಜಿಯ ಮುಖ ಸಪ್ಪಗಾಯಿತು. ಆ ದಿನ ಬ್ರಿಜಿಡ್ ಹಬ್ಬವಂತೆ. ಚರ್ಚಿಗೆ ಆಕೆ ಸಂತಳು, ಅದಕ್ಕೂ ಮುಂಚೆ ಐರ್ಲೆಂಡಿನ ಹಳಬರಿಗೆ ದೇವತೆ. ಒಲೆ, ಹಸು, ಹೆರಿಗೆ ಎಲ್ಲ ಅವಳ ಸುಪರ್ದಿ. ಹಿಂದಿನ ರಾತ್ರಿ ಊರೂರು ಸುತ್ತುತ್ತಾ, ಹೊರಗಿಟ್ಟ ಬಟ್ಟೆಯನ್ನು ಮುಟ್ಟಿ ಹರಸುತ್ತಾಳೆ. ಆ ಬಟ್ಟೆಯನ್ನು ತುಂಡು ಮಾಡಿ ಮನೆಯ ಹೆಣ್ಣುಮಕ್ಕಳಿಗೆ ಹಂಚುತ್ತಾರೆ. ಹೆರಿಗೆಯಲ್ಲಿ ಅದು ಮೈಮೇಲಿದ್ದರೆ ಎಲ್ಲ ಸುಸೂತ್ರ. ಮಗಳಿಗೆ ಇವತ್ತೇ ಅದನ್ನು ಕಳಿಸಬೇಕಿತ್ತು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಿಕ್ಕವಳಿದ್ದಾಗ ನಮ್ಮಜ್ಜಿಯ ಮಡಿ ಸೀರೆ ಮುಟ್ಟಿ ಬೈಸಿಕೊಂಡವಳು, ಈಗ ಇನ್ನೊಂದು ದೇಶದ ಮಡಿಯನ್ನೂ ಕೆಡಿಸಿದ್ದೆ. ಅದೂ ಡಿಟರ್ಜೆಂಟ್ ಹಾಕಿ! ಕಣ್ಣು ತುಂಬಿ ಬಂತು.

ಅಜ್ಜಿಗೆ ಥಟ್ಟನೆ ಒಂದು ಉಪಾಯ ಹೊಳೆಯಿತು. ಅವರ ಊರಿನಲ್ಲಿ ಮನೆಯ ಹುಡುಗಿಯೊಬ್ಬಳು ಹೊರಗೆ ನಿಂತು, ಬ್ರಿಜಿಡ್ ಪರವಾಗಿ ಮೂರು ಸಲ ಬಾಗಿಲು ತಟ್ಟುವ ಪದ್ಧತಿಯಿತ್ತಂತೆ. ಒಳಗಿದ್ದವರು ಸ್ವಾಗತಿಸಬೇಕು. ಬಟ್ಟೆಯನ್ನು ನನ್ನ ಕೈಗೆ ತುರುಕಿ, "ಈಗ ನೀನೇ ಬ್ರಿಜಿಡ್. ಹೋಗು, ತಟ್ಟು," ಎಂದು ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡರು.

ನೈಟಿಯ ಮೇಲೆ ಕೋಟು ಹಾಕಿಕೊಂಡ ನಾನು ಹಿಮದಲ್ಲಿ ನಿಂತು, "ಬ್ರಿಜಿಡ್ ಬಂದಿದ್ದಾಳೆ, ಒಳಗೆ ಕರೀರಿ!" ಎಂದು ಇಂಗ್ಲಿಷಿನಲ್ಲಿ ಗಂಟಲು ಹರಿಯುವಂತೆ ಕೂಗಿದೆ. ಕಿವಿ ಮಂದ ಅಲ್ಲವೇ! ನಾಯಿ ಹಿಡಿದು ಹೊರಟವರು ನಿಂತು ನೋಡಿದರು. ನನ್ನವರು ಕಿಟಕಿಯ ಪರದೆ ಎಳೆದುಕೊಂಡರು. ನಮ್ಮ ಮನೆಯಲ್ಲಿ ಗೌರಿಯನ್ನು ಮನೆ ತುಂಬಿಸಿಕೊಳ್ಳುವಾಗಲೂ ಇಷ್ಟು ಗದ್ದಲವಿರಲಿಲ್ಲ. ಮೂರನೆಯ ಸಲಕ್ಕೆ ಅಜ್ಜಿ ಬಾಗಿಲು ತೆರೆದು, "ಬಾ, ಬಾ, ನಿನ್ನದೇ ಮನೆ," ಎಂದರು.

ಆಮೇಲೆ ಕತ್ತರಿ ತಂದು ಬಟ್ಟೆಯನ್ನು ಮೂರು ತುಂಡು ಮಾಡಿದರು. ಒಂದು ಬಾಸ್ಟನ್ನಿನ ಲಕೋಟೆಗೆ, ಒಂದು ತಮಗೆ. ಮೂರನೆಯದು ಯಾರಿಗೆ ಎಂದು ನಾನು ಕೇಳುವ ಮೊದಲೇ ನನ್ನ ಕೋಟಿನ ಜೇಬಿಗೆ ಸೇರಿಸಿದರು.

ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ ಚಪಾತಿ ಹಿಟ್ಟು ಕಲಸುತ್ತಿದ್ದೆ. ಬೆಲ್ ಇದ್ದರೂ ಯಾರೋ ನಮ್ಮ ಬಾಗಿಲನ್ನು ಕೈಯಿಂದ ತಟ್ಟಿದರು, ಮೂರು ಸಲ. ಹಿಟ್ಟಿನ ಕೈಯಲ್ಲೇ ಓಡಿ ಬಾಗಿಲು ತೆಗೆದೆ. ಅಜ್ಜಿ ಬಾಯಿ ತುಂಬ ನಗುತ್ತಾ ನಿಂತಿದ್ದರು. "ಹೆಣ್ಣುಮಗು!" ಎಂದರು.