ಸಾಂಬಾರಿನ ಹಲ್ಲಿ ಮತ್ತು ಅತ್ತೆಯ ಪುಸ್ತಕ

ನಮಗೆ ಬಲೆ ಬೀಸಿದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅವನಿಗೆ ಮಾತ್ರ ನಮ್ಮ ಜಾತಕವೇ ಗೊತ್ತಿತ್ತು. ಲಾಟರಿ ಹೊಡೆದಿದೆ, ಬ್ಯಾಂಕ್ ಖಾತೆ ಮುಚ್ಚುತ್ತದೆ ಎಂದೆಲ್ಲ ಬರೆದಿದ್ದರೆ ನಕ್ಕು ಅಳಿಸಿಬಿಡುತ್ತಿದ್ದೆ. ಅವನ ಇ-ಮೇಲಿನಲ್ಲಿ ಇದ್ದದ್ದು ಒಂದೇ ಸಾಲು: ನಿಮ್ಮ ಸಾಂಬಾರಿನಲ್ಲಿ ಹಲ್ಲಿ ಸಿಕ್ಕಿತು, ಫೋಟೋ ಇಲ್ಲಿದೆ ನೋಡಿ.

ಉಡುಪಿ ಕಡೆಯವರ ಹೋಟೆಲಿಗೆ ಇದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ಊರು ಬಿಟ್ಟು ಬಂಗಾಳಕ್ಕೆ ಬಂದ ಮಾವ ಪಾರ್ಕ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಕಟ್ಟಿದ್ದು ನಮ್ಮ ಹೋಟೆಲು. ಕೆಳಗೆ ಇಡ್ಲಿ, ದೋಸೆ, ಊಟ. ಮೇಲೆ ಹದಿನಾಲ್ಕು ಕೋಣೆಗಳ ಲಾಡ್ಜು. ಮಾವ ತೀರಿಕೊಂಡ ಮೇಲೆ ಅಡುಗೆಮನೆ ನನ್ನ ಗಂಡನ ಪಾಲಿಗೆ, ಲಾಡ್ಜು ಅತ್ತೆಯ ಮತ್ತು ನನ್ನ ಪಾಲಿಗೆ ಬಂತು. ಕೋಣೆ ಹಿಡಿಯುವವರು ಹೆಚ್ಚಾಗಿ ಇಲ್ಲಿನ ಆಸ್ಪತ್ರೆಗಳಿಗೆ ಬರುವ ರೋಗಿಗಳ ಮನೆಯವರು. ಸಿಲಿಗುರಿ, ಅಗರ್ತಲಾ, ಗುವಾಹಟಿಯಿಂದ ಬರುತ್ತಾರೆ.

ಆನ್‌ಲೈನ್ ಬುಕಿಂಗ್ ನೋಡುತ್ತಿದ್ದವಳು ನಾನು. ಇದೇ ಊರಿನ ಟಾಲಿಗಂಜ್‌ನಲ್ಲಿ ಬೆಳೆದು ಕಂಪ್ಯೂಟರ್ ಕಲಿತವಳು ಎಂಬ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಅತ್ತೆ ಇಟ್ಟುಕೊಂಡಿದ್ದ ಉದ್ದ ಪುಸ್ತಕ ಕಂಡರೆ ನನಗೆ ಮೈ ಉರಿಯುತ್ತಿತ್ತು. ಬರುವವರ ಹೆಸರು, ಫೋನ್ ನಂಬರು, ಅದರ ಮುಂದೆ ಯಾರು ಏನು ತಿನ್ನುತ್ತಾರೆ ಎಂಬ ವಿವರ. ಬೆಳಗಿನ ತಿಂಡಿಯ ಗದ್ದಲ ಇಳಿದ ಮೇಲೆ, ಮರುದಿನ ಬರುವ ಒಬ್ಬೊಬ್ಬರಿಗೂ ಫೋನು ಹಚ್ಚಿ, ತಮ್ಮ ಅರೆಬರೆ ಬಂಗಾಳಿಯಲ್ಲಿ “ಕೀ ಖಾಬೇನ್?” ಎಂದು ಶುರುಮಾಡುತ್ತಿದ್ದರು. ಏನು ತಿನ್ನುತ್ತೀರಿ, ಈರುಳ್ಳಿ ಆಗುತ್ತದಾ, ರೋಗಿಗೆ ಅನ್ನ ಎಷ್ಟು ಮೆತ್ತಗಿರಬೇಕು? “ಇದೆಲ್ಲ ಕಂಪ್ಯೂಟರಿನಲ್ಲಿ ಕೇಳಬಹುದು ಅತ್ತೆ” ಎಂದು ನಾನು ಎಷ್ಟು ಸಲ ಹೇಳಿದ್ದೆನೋ. “ಕೇಳು ಮಾರಾಯ್ತಿ, ಬೇಡ ಅಂದವರ್ಯಾರು?” ಎಂದು ಅವರು ಮುಂದಿನ ನಂಬರು ಒತ್ತುತ್ತಿದ್ದರು.

ಹಲ್ಲಿಯ ಪತ್ರ ಬಂದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಫೋಟೋ ಒತ್ತಿದೆ. ಬುಕಿಂಗ್ ತಾಣದ ಪುಟದಂತೆಯೇ ಇದ್ದ ಒಂದು ಪುಟ ತೆರೆದು ಪಾಸ್‌ವರ್ಡ್ ಕೇಳಿತು. ಹೊಡೆದೆ. ಮೊಬೈಲಿಗೆ ಬಂದ ಸಂಖ್ಯೆಯನ್ನೂ ಕೇಳಿತು. ಅದನ್ನೂ ಹೊಡೆದೆ. ಫೋಟೋ ಮಾತ್ರ ಬರಲಿಲ್ಲ. ಇಂಟರ್ನೆಟ್ಟಿಗೆ ಶಾಪ ಹಾಕಿ ಅತ್ತೆಗೆ ವಿಷಯ ಹೇಳಿದೆ. ಅವರು ಎರಡನೇ ಮಾತಾಡದೆ ಕೆಳಗಿಳಿದು, ಒಲೆಯ ಮೇಲಿದ್ದ ಇಡೀ ಕೊಪ್ಪರಿಗೆ ಸಾಂಬಾರನ್ನು ಚೆಲ್ಲಿಸಿ ಬಂದರು. ಆ ಮಧ್ಯಾಹ್ನ ಗಿರಾಕಿಗಳಿಗೆ ಬರೀ ತಿಳಿಸಾರು. ನಾವೆಲ್ಲ ಹಲ್ಲಿ ಹುಡುಕುತ್ತಿದ್ದಾಗ ಯಾರೋ ನಮ್ಮ ಬುಕಿಂಗ್ ಖಾತೆಯ ಒಳಗೆ ಕೂತಿದ್ದರು.

ಮರುದಿನ ಬೆಳಿಗ್ಗೆ ಅತ್ತೆಯ ಮೊದಲ ಕರೆ ಸಿಲಿಗುರಿಯ ಒಬ್ಬ ನಿವೃತ್ತ ಮೇಷ್ಟರಿಗೆ. ಅವರ ಹೆಂಡತಿಗೆ ಹೃದಯದ ಆಪರೇಷನ್ ಇತ್ತು. ಅತ್ತೆ ಬಾಯಿ ತೆರೆಯುವ ಮೊದಲೇ ಅವರು, “ಕಳಿಸುತ್ತಿದ್ದೇನೆ, ಇನ್ನೈದು ನಿಮಿಷ, ಕೋಣೆ ಮಾತ್ರ ಬೇರೆಯವರಿಗೆ ಕೊಡಬೇಡಿ” ಎಂದು ಬೇಡಿಕೊಳ್ಳತೊಡಗಿದರು. ಅತ್ತೆ ಫೋನಿಗೆ ಕೈ ಅಡ್ಡ ಹಿಡಿದು ನನ್ನತ್ತ ತಿರುಗಿದರು.

“ನೀನು ಇವರ ಹತ್ರ ದುಡ್ಡು ಕೇಳಿದ್ಯಾ?”

“ಇಲ್ಲವಲ್ಲ.”

ನಾನು ಫೋನನ್ನು ಸ್ಪೀಕರಿಗೆ ಹಾಕಿದೆ. ಮೇಷ್ಟರು ತಮಗೆ ಬಂದ ಸಂದೇಶವನ್ನು ಓದಿದರು. ನಿಮ್ಮ ಪತ್ನಿಯ ಶಸ್ತ್ರಚಿಕಿತ್ಸೆಗಾಗಿ ಲಿಫ್ಟಿನ ಪಕ್ಕದ ಕೋಣೆ ಕಾಯ್ದಿರಿಸಿದ್ದೇವೆ, ಪೂರ್ತಿ ಬಾಡಿಗೆ ಈಗಲೇ ಕಟ್ಟದಿದ್ದರೆ ರದ್ದಾಗುತ್ತದೆ. ದಿನಾಂಕ ಸರಿ, ಹೆಸರು ಸರಿ, ಲಿಫ್ಟೂ ಸರಿ, ಎಲ್ಲ ಬುಕಿಂಗ್ ಮಾಡುವಾಗ ಅವರೇ ಬರೆದದ್ದು. ಅದು ಬಂದದ್ದೂ ನಮ್ಮ ಹೆಸರಿನಲ್ಲೇ, ಬುಕಿಂಗ್ ತಾಣದ ಒಳಗಿನಿಂದಲೇ. ಕೇಳುತ್ತ ನನಗೆ ಹಿಂದಿನ ದಿನ ನಾನೇ ಹೊಡೆದ ಪಾಸ್‌ವರ್ಡ್ ನೆನಪಾಯಿತು. ನಿಜ ಹೇಳಬೇಕೆಂದರೆ, ಎಲ್ಲಿಯೋ ಕೂತು ಯಾರದೋ ಎದೆಯ ಕಾಯಿಲೆಯನ್ನು ಇಷ್ಟು ನಾಜೂಕಾಗಿ ಬಳಸಿಕೊಂಡ ಆ ಬುದ್ಧಿಗೆ ಬೆರಗೂ ಆಯಿತು. ಕಳಿಸಬೇಡಿ, ಅದು ನಾವಲ್ಲ ಎಂದು ಕೂಗಿದೆ. ಮೇಷ್ಟರು ನಂಬಲಿಲ್ಲ. ನೀವೇ ಕಳ್ಳರಿರಬಹುದು, ಸಂದೇಶದಲ್ಲಿ ಎಲ್ಲ ವಿವರ ಸರಿಯಾಗಿದೆಯಲ್ಲ ಎಂದರು. ಅದು ಆಪರೇಷನ್ನಿಗೆಂದು ತೆಗೆದಿಟ್ಟ ದುಡ್ಡು. ಅವರ ಬೆರಳು ಗುಂಡಿಯ ಮೇಲೆಯೇ ಇತ್ತು.

ಅತ್ತೆ ನನ್ನ ಕೈಯಿಂದ ಫೋನು ಕಸಿದುಕೊಂಡು ಬಂಗಾಳಿಯಲ್ಲಿ ಕೇಳಿದರು: “ದಾದಾ, ದುಡ್ಡು ಕೇಳಿದವರು ನಿಮ್ಮ ಹೆಂಡತಿ ಏನು ತಿನ್ನುತ್ತಾರೆ ಅಂತ ಕೇಳಿದರಾ?”

“ಇಲ್ಲ.”

“ಹಾಗಾದರೆ ಅದು ನಮ್ಮ ಮನೆಯವರಲ್ಲ.”

ಮೇಷ್ಟರು ಈ ಮೊದಲೂ ಒಮ್ಮೆ ತಪಾಸಣೆಗೆಂದು ಬಂದು ನಮ್ಮಲ್ಲಿ ಉಳಿದವರು. ಆಗಲೂ ಅತ್ತೆ ಇದನ್ನೇ ಕೇಳಿದ್ದು ನೆನಪಾಗಿ, ಬೆರಳು ತೆಗೆದೆ ದಿದಿ ಎಂದರು. ನಾನು ಅತ್ತೆಯ ಮುಖವನ್ನು ಹೊಸದಾಗಿ ಕಂಡಂತೆ ನೋಡಿದೆ. ಮದುವೆಯಾಗಿ ಇಷ್ಟು ವರ್ಷ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಈ ಹೆಂಗಸು ಯಾರೆಂದು ನನಗೆ ತಿಳಿದೇ ಇರಲಿಲ್ಲ.

ಅಷ್ಟರಲ್ಲಿ ಬುಕಿಂಗ್ ಖಾತೆಯ ಬಾಗಿಲು ನನಗೇ ಮುಚ್ಚಿತ್ತು, ಪಾಸ್‌ವರ್ಡ್ ಬದಲಾಗಿತ್ತು. ಬರಬೇಕಾದವರ ನಂಬರುಗಳು ಉಳಿದಿದ್ದ ಜಾಗ ಒಂದೇ, ಅತ್ತೆಯ ಪುಸ್ತಕ. ನಾನು ಬುಕಿಂಗ್ ತಾಣದವರಿಗೂ ಸೈಬರ್ ಪೊಲೀಸರಿಗೂ ದೂರು ಬರೆಯುತ್ತ ಕೂತಾಗ, ಅವರು ಸಾಲು ಸಾಲಾಗಿ ಫೋನು ಮಾಡುತ್ತ ಹೋದರು. ಅಗರ್ತಲಾದ ಒಂದು ಕುಟುಂಬ ಆಗಲೇ ದುಡ್ಡು ಕಳಿಸಿಬಿಟ್ಟಿತ್ತು. ಅತ್ತೆ ಫೋನನ್ನು ನನ್ನ ಮುಂದೆ ಹಿಡಿದರು.

“ಒತ್ತಿದ್ದು ನೀನು. ನೀನೇ ಹೇಳು. ಬೈತಾರೆ, ಕೇಳು. ಬೈಗುಳದಿಂದ ಎಂತ ಆಗ್ಲಿಕ್ಕುಂಟು?”

ಅವರು ಬೈದರು, ನಾನು ಕೇಳಿದೆ. ಕೂಡಲೇ ಬ್ಯಾಂಕಿಗೆ ಹೇಳಿಸಿದ್ದರಿಂದ ಸ್ವಲ್ಪ ಮೊತ್ತ ತಡೆಯಾಯಿತು. ಉಳಿದದ್ದನ್ನು ಅವರ ಬಾಡಿಗೆಯಲ್ಲಿ ಬಿಟ್ಟೆವು.

ಮೂರನೇ ದಿನ ಖಾತೆ ನಮ್ಮ ಕೈಗೆ ವಾಪಸ್ಸು ಬಂತು. ಕೋಣೆ ಹಿಡಿದವರು ಇ-ಮೇಲಿನಲ್ಲಿ ಕಳಿಸಿ ವರ್ಷಗಟ್ಟಲೆ ಅಲ್ಲೇ ಬಿದ್ದಿದ್ದ ಆಧಾರ್, ಪಾಸ್‌ಪೋರ್ಟ್ ಪ್ರತಿಗಳನ್ನು ಒಂದೊಂದಾಗಿ ಅಳಿಸಿದೆ. ಅಷ್ಟೊಂದು ಜನರ ಮುಖಗಳನ್ನು ಬೀಗವಿಲ್ಲದ ಕಪಾಟಿನಲ್ಲಿ ಇಟ್ಟಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಈಗ ಯಾರೇ ದೂರು ಕಳಿಸಲಿ, ಅದರೊಳಗಿನ ಕೊಂಡಿ ಒತ್ತುವುದಿಲ್ಲ. ತಾಣವನ್ನು ನಾನೇ ತೆರೆದು ನೋಡುತ್ತೇನೆ. ಅತ್ತೆಯ ಕರೆಗೂ ಒಂದು ಮಾತು ಸೇರಿದೆ: ನಾವು ಸಂದೇಶದಲ್ಲಿ ದುಡ್ಡು ಕೇಳುವುದಿಲ್ಲ, ನಾನೇ ಕೇಳಿದರೂ ಕೊಡಬೇಡಿ.

ಕೆಲವು ತಿಂಗಳ ಮೇಲೆ ಮೇಷ್ಟರ ಹೆಂಡತಿ ಮತ್ತೆ ತಪಾಸಣೆಗೆ ಬರುವವರಿದ್ದರು. ಅವತ್ತು ಅತ್ತೆಗೆ ಗಂಟಲು ಕಟ್ಟಿತ್ತು, ಫೋನು ನಾನು ಮಾಡಿದೆ. ಹೋಟೆಲಿನಿಂದ ಎಂದೆ. ಮೇಷ್ಟರಿಗೆ ದನಿಯ ಗುರುತು ಸಿಗಲಿಲ್ಲ.

“ಹೋಟೆಲಿನವರಾದರೆ ಹೇಳಿ, ನನ್ನ ಹೆಂಡತಿ ಏನು ತಿನ್ನುತ್ತಾಳೆ?”

ಕಂಪ್ಯೂಟರಿನಲ್ಲಿ ಅವರ ವಿಷಯ ಎಲ್ಲ ಇತ್ತು, ಅದೊಂದು ಇರಲಿಲ್ಲ. ಪುಸ್ತಕ ಎಳೆದುಕೊಂಡು ಅತ್ತೆಯ ವಕ್ರ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದೆ: “ಮೆತ್ತಗಿನ ಅನ್ನ, ಖಾರವಿಲ್ಲದ ಸಾರು. ಉಪ್ಪಿನಕಾಯಿ ಡಾಕ್ಟರು ಬೇಡ ಅಂದಿದ್ದಾರೆ, ಆದರೂ ಕೇಳುತ್ತಾರೆ, ಒಂದು ಚೂರು ಕೊಡುವುದು.”

ಆ ಕಡೆಯಿಂದ ಹೆಂಗಸಿನ ನಗು ಕೇಳಿತು. ಮೇಷ್ಟರು, “ಸರಿ, ನೀವೇ” ಎಂದರು. ಅತ್ತೆ ಪಕ್ಕದಲ್ಲಿ ಕೂತು ಬಿಸಿನೀರು ಕುಡಿಯುತ್ತಿದ್ದರು. ಮುಂದಿನವರಿಗೆ ಮಾಡು ಎಂದು ಸನ್ನೆ ಮಾಡಿದರು.