ಗುಲಾಲು ಹತ್ತಿದ ಬಿಳಿ ಅಂಗಿ

ಅವತ್ತು ಒಗೆಯುವ ಕಲ್ಲಿನ ಮೇಲೆ ನಮ್ಮ ಮನೆಯವರ ಬಿಳಿ ಅಂಗಿ ತಿಕ್ಕುತ್ತಿದ್ದೆ. ಹಿಂದಿನ ದಿನ ಹಮಾಲರೆಲ್ಲ ಸೇರಿ ಅವರ ಮೇಲೆ ಗುಲಾಲು ಎರಚಿದ್ದರು. ಪುರಸಭೆಗೆ ಸರ್ಕಾರ ನೇಮಿಸುವ ಸದಸ್ಯರ ಯಾದಿಯಲ್ಲಿ, ಹಮಾಲರ ಸಂಘ ಕಟ್ಟಿದ ಇವರ ಹೆಸರೂ ಇದೆ ಎಂದು ಗೋಕಾಕದಿಂದ ಯಾರೋ ಫೋನ್ ಮಾಡಿದ್ದೇ ಸಾಕಾಗಿತ್ತು. ಆದೇಶಕ್ಕೆ ಸಹಿ ಬೀಳುವ ಮೊದಲೇ ಗುಲಾಲು ಹಾರಿಸುವುದು ನಮ್ಮ ಮಂದಿಯ ಹಳೆಯ ಚಾಳಿ. ಎಷ್ಟು ತಿಕ್ಕಿದರೂ ಬಣ್ಣ ಬಿಡಲಿಲ್ಲ. ಅವತ್ತು ನಳದಲ್ಲಿ ನೀರು ಬಂದಿತ್ತು, ಅದೊಂದು ಶಿವನ ದಯೆ.

ಆಗ ಸರ್ಕಾರಕ್ಕೆ ಆ ಯಾದಿ ಕಳಿಸಿದ್ದ ಪಕ್ಷದ ಮುಖಂಡರ ಕಡೆಯವನೊಬ್ಬ ಬಂದ.

“ವೈನಿ, ಚಾ ಇಡ್ರಿ. ಮೆಂಬರ್ ಮನಿ ಚಾ, ಸಕ್ರಿ ಜಾಸ್ತಿ ಇರ್ಲಿ,” ಎನ್ನುತ್ತ ಕಟ್ಟೆಯ ಮೇಲೆ ಕೂತು ಒಂದು ಕಾಗದ ಬಿಚ್ಚಿದ.

ಐವತ್ತು ಕಿಲೋ ಮೀರಿದ ಚೀಲ ಹೊರುವುದಿಲ್ಲ ಎಂದು ಹಮಾಲರು ಕೆಲಸ ನಿಲ್ಲಿಸಿ ವಾರವಾಗಿತ್ತು; ಮುಖಂಡರ ಬೆನ್ನಿಗಿದ್ದ ವ್ಯಾಪಾರಿಗಳ ಮಾಲು ಪೇಟೆಯಲ್ಲೇ ಬಿದ್ದಿತ್ತು. ಮೊದಲಿನ ಹಾಗೆ ನೂರು ಕಿಲೋದ ಚೀಲವನ್ನೇ ಹೊರುತ್ತೇವೆ ಎಂದು ಸಂಘದ ಪರವಾಗಿ ಇವರು ಬರೆದುಕೊಡಬೇಕಂತೆ.

“ಇಲ್ಲಿ ನಿಮ್ಮ ಸಹಿ, ಅಲ್ಲಿ ನಿಮ್ಮ ಆದೇಶದ ಮ್ಯಾಲ ಸರ್ಕಾರದವರ ಸಹಿ. ಮುಗೀತ್ರಿ ಅಣ್ಣಾರ.”

ಇವರು ಹಮಾಲರ ಓಣಿಗೆ ಒಂದು ಗಟಾರವನ್ನಾದರೂ ಮಾಡಿಸಬೇಕೆಂದು ಎಷ್ಟೋ ವರ್ಷದಿಂದ ಆ ಕುರ್ಚಿಗಾಗಿ ಓಡಾಡಿದವರು. ಕೈ ಪೆನ್ನಿನ ಕಡೆ ಹೋಯಿತು. ಸುಳ್ಳು ಯಾಕೆ ಹೇಳಲಿ, ಹೋಯಿತು.

ಇವರ ಎಡ ಹೆಗಲ ಮೇಲೆ ಒಂದು ಗಡ್ಡೆ ಇದೆ, ಆ ನೂರು ಕಿಲೋದ ಚೀಲಗಳು ಕೊಟ್ಟದ್ದು. ದಿನಾ ಲಿಂಗಪೂಜೆ ಮುಗಿಸಿ ಅದಕ್ಕೆ ಎಣ್ಣೆ ತಿಕ್ಕುವವಳು ನಾನು. ಸಾಬೂನಿನ ಕೈಯಲ್ಲೇ ಎದ್ದು ಬಂದೆ.

“ತಮ್ಮಾ, ಅಡಗಿ ಮನ್ಯಾಗ ನೂರು ಕಿಲೋ ಜ್ವಾಳದ ಚೀಲ ಐತಿ. ಅದನ್ನ ಹೊತ್ಕೊಂಡು ಈ ಕಟ್ಟಿ ಇಳದು ತೋರ್ಸು. ಆಮ್ಯಾಲೆ ಇವರು ಸಹಿ ಮಾಡ್ತಾರ.”

“ಚ್ಯಾಷ್ಟಿ ಮಾಡಬ್ಯಾಡ್ರಿ ವೈನಿ.”

“ಬಸವಣ್ಣನ ಆಣಿ, ಖರೇನ ಹೇಳಾಕತ್ತೇನಿ. ಏಳು.”

ಅವನು ಏಳಲಿಲ್ಲ. ಇವರು ನಕ್ಕು, ಪೆನ್ನಿಗೆ ಟೋಪಿ ಹಾಕಿ ಅವನ ಕಿಸೆಗೆ ಸಿಕ್ಕಿಸಿದರು.

“ಯಾದ್ಯಾಗಿಂದ ಹೆಸರು ತಗೀತಾರ್ರಿ ಅಣ್ಣಾರ.”

“ತಗೀಲಿ. ಗುಲಾಲಂತೂ ಹಾರೈತಿ. ಅದನ್ನ ಹೆಂಗ ತಗೀತಾರ ನೋಡೂನು.”

ಅವನು ಹೋದ. ಚಹಾದ ಹಾಲು ಉಳಿಯಿತು, ಅದು ಇನ್ನೊಂದು ದಯೆ.

“ಆ ಅಂಗಿ ಕೊಡು, ಹಸೀದ ಇರ್ಲಿ,” ಎಂದರು ಇವರು. ಗುಲಾಬಿ ಕಲೆಯ ಅದೇ ಅಂಗಿ ತೊಟ್ಟು, ಕುರ್ಚಿ ಹೋಯಿತು, ಚೀಲ ಐವತ್ತೇ ಎಂದು ಹಮಾಲರಿಗೆ ಹೇಳಲು ನೀರು ತೊಟ್ಟಿಕ್ಕಿಸುತ್ತ ನಡೆದರು.

ನಾನು ಕೈ ತೊಳೆದು ಒಳಗೆ ಹೋದೆ. ಆ ಚೀಲದ ಬಾಯಿ ಬಿಚ್ಚಿ, ಮೊರದ ತುಂಬ ಜೋಳ ತೆಗೆದುಕೊಂಡು ಹಸನು ಮಾಡಲು ಕೂತೆ.